ಯಜಮಾನರಿಲ್ಲದ ದಿನವೂ ಕೆಲಸ ನಡೆಯಬೇಕು

ಹತ್ತಿಪ್ಪತ್ತು ಜನರಿಗೆ ಕೆಲಸ ಕೊಟ್ಟಿರುವ ಸಣ್ಣ ಉದ್ದಿಮೆದಾರರು ರೂಢಿಸಿಕೊಳ್ಳಬೇಕಾದ ನಾಯಕತ್ವದ ಗುಣಗಳು ಯಾವುವು? ಅವನ್ನು ಎಲ್ಲಿಂದ ಶುರು ಮಾಡಬೇಕು?

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು.’ ಈ ಗಾದೆ ಕೇಳಿಕೊಂಡೇ ಬೆಳೆದವರು ನಾವು. ಮನೆಮಂದಿಯೇ ಗೇಯುವ ಸಣ್ಣ ಹೊಲಕ್ಕೆ ಅದು ಸರಿಯಾದ ಮಾತು. ಆದರೆ ಹದಿನೈದು ಜನ ದುಡಿಯುವ ಶೆಡ್ಡಿಗೋ ಎರಡು ಶಾಖೆಗಳಿರುವ ಹೋಟೆಲಿಗೋ ಅದನ್ನೇ ನಿಯಮ ಮಾಡಿಕೊಂಡರೆ, ವ್ಯಾಪಾರ ಬೆಳೆಯುವುದು ಯಜಮಾನರ ಎರಡು ಕೈಗೆ ಎಟುಕುವಷ್ಟು ಮಾತ್ರ. ಬೆಳಿಗ್ಗೆ ಶಟರ್ ಎತ್ತುವವರು ಅವರೇ, ಮಾಲು ಕೊಳ್ಳುವವರು ಅವರೇ, ಬಿಲ್ ಮಾಡುವವರು ಅವರೇ, ಗಿರಾಕಿಯ ತಕರಾರು ಬಗೆಹರಿಸುವವರೂ ಅವರೇ. ಮಗಳ ಮದುವೆಗೆ ನಾಲ್ಕು ದಿನ ರಜೆ ಹಾಕಿದರೂ ಮಂಟಪದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾಲಿನ ಲೆಕ್ಕ ಹೇಳುತ್ತಿರುತ್ತಾರೆ.

ಪೀಣ್ಯದ ಲೇತ್ ಶೆಡ್ಡುಗಳಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪುಗಳಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ, ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಇಂಥ ಯಜಮಾನರು ಬಹಳ. ಅವರ ದುಡಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ತಾನು ದುಡಿಯುವುದು ಒಂದು ವಿದ್ಯೆ, ಹತ್ತು ಜನ ಮನಸ್ಸಿಟ್ಟು ದುಡಿಯುವಂತೆ ಮಾಡುವುದು ಇನ್ನೊಂದು ವಿದ್ಯೆ. ಈ ಎರಡನೆಯದು ಬಂದಿದೆಯೇ ಎಂದು ತಿಳಿಯಲು ನೇರವಾದ ಪರೀಕ್ಷೆಯೊಂದಿದೆ: ನೀವು ಒಂದು ವಾರ ಫೋನಿಗೂ ಸಿಗದಿದ್ದರೆ ಕೆಲಸ ಹೇಗೆ ನಡೆಯುತ್ತದೆ? ಮಾಲು ಹೊತ್ತಿಗೆ ಸರಿಯಾಗಿ ಹೋಗುತ್ತದೆಯೇ, ಗುಣಮಟ್ಟ ಉಳಿಯುತ್ತದೆಯೇ, ಹಣ ಸರಿಯಾದ ಖಾತೆಗೆ ಬೀಳುತ್ತದೆಯೇ? ಉತ್ತರ ‘ಇಲ್ಲ’ ಎಂದಾದರೆ ಮುಂದಿನ ಪಾಠಗಳು ನಿಮಗಾಗಿ.

ಬಿಟ್ಟುಕೊಡುವುದನ್ನು ಕಲಿಯಿರಿ

ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಸಾಗಣೆ ವ್ಯವಹಾರ ಶುರು ಮಾಡಿದಾಗ ಇದ್ದದ್ದು ಒಂದೇ ಲಾರಿ. ಇಂದು ವಿಆರ್‌ಎಲ್ ಸಾವಿರಾರು ವಾಹನಗಳ ಸಂಸ್ಥೆ. 2015ರಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು. ಒಂದು ಲಾರಿಯ ಮಾಲೀಕ ಬೇಕೆಂದರೆ ಡ್ರೈವರ್ ಪಕ್ಕದಲ್ಲಿ ಕೂತು ತಾನೂ ಹೋಗಬಹುದು. ಸಾವಿರ ಲಾರಿಗಳ ಮಾಲೀಕನಿಗೆ ಅದು ಆಗದು. ಸಾಗಣೆಯ ಕೆಲಸವೆಲ್ಲ ನಡೆಯುವುದೇ ಮಾಲೀಕನ ಕಣ್ಣಿಗೆ ಕಾಣದ ರಸ್ತೆಯ ಮೇಲೆ. ಅಲ್ಲಿ ಅವನ ಬದಲಿಗೆ ನಿಲ್ಲುವುದು ಬುಕಿಂಗ್ ಕಚೇರಿಯ ರಸೀದಿ, ಲೋಡಿನ ಲೆಕ್ಕ, ವಾಹನ ಇಂತಿಷ್ಟು ಕಿಲೋಮೀಟರ್ ಓಡಿದ ಮೇಲೆ ವರ್ಕ್‌ಶಾಪಿಗೆ ಬರಲೇಬೇಕೆಂಬ ಕಟ್ಟುಪಾಡು. ವಿಆರ್‌ಎಲ್ ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ತನ್ನದೇ ದುರಸ್ತಿ ಕೇಂದ್ರ ಕಟ್ಟಿಕೊಂಡದ್ದು ಈ ಕಾರಣಕ್ಕಾಗಿಯೇ ಮುಖ್ಯವಾಗುತ್ತದೆ. ನಂಬಿಕೆ ಬೇಕು, ಅದರ ಬೆನ್ನಿಗೆ ವ್ಯವಸ್ಥೆಯೂ ಬೇಕು.

ನಿಮ್ಮ ಮಟ್ಟದಲ್ಲಿ ಇದನ್ನು ಹೀಗೆ ಮಾಡಬಹುದು. ಒಂದು ವಾರ ನೀವು ತೆಗೆದುಕೊಳ್ಳುವ ಪ್ರತಿ ತೀರ್ಮಾನವನ್ನೂ ಬರೆದಿಡಿ. ವಾರದ ಕೊನೆಗೆ ಅವನ್ನು ಮೂರು ಪಟ್ಟಿ ಮಾಡಿ: ನೀವೇ ಮಾಡಬೇಕಾದದ್ದು, ನಿಮ್ಮನ್ನು ಕೇಳಿ ಬೇರೆಯವರು ಮಾಡಬಹುದಾದದ್ದು, ಅವರೇ ಮಾಡಿ ಆಮೇಲೆ ನಿಮಗೆ ತಿಳಿಸಿದರೆ ಸಾಕಾದದ್ದು. ಬ್ಯಾಂಕಿನ ಸಾಲ, ಹೊಸ ಯಂತ್ರ, ದೊಡ್ಡ ಗಿರಾಕಿಯ ದರ ಇವು ಮೊದಲನೆಯ ಪಟ್ಟಿಗೆ. ದಿನದ ಡಿಸ್ಪ್ಯಾಚ್, ಸಣ್ಣಪುಟ್ಟ ಖರೀದಿ, ರಜೆಯ ಹೊಂದಾಣಿಕೆ ಮೂರನೆಯದಕ್ಕೆ. ಮೂರನೆಯ ಪಟ್ಟಿ ಉದ್ದವಾಗುತ್ತ ಹೋದಷ್ಟೂ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಜವಾಬ್ದಾರಿಯ ಜೊತೆಗೆ ಅಧಿಕಾರವನ್ನೂ ಅಂಕಿಯಲ್ಲೇ ಹೇಳಿ. ‘ನೋಡಿಕೊಳ್ಳಪ್ಪಾ’ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ‘5,000 ರೂಪಾಯಿಯವರೆಗಿನ ಬಿಡಿಭಾಗಗಳನ್ನು ನನ್ನನ್ನು ಕೇಳದೆ ತರಿಸಿ, ಸಂಜೆ ಬಿಲ್ ಕೊಡಿ’ ಎಂದರೆ ಸೂಪರ್‌ವೈಸರ್‌ಗೆ ತನ್ನ ಮಿತಿ ತಿಳಿಯುತ್ತದೆ. ಆ ಮಿತಿಯೊಳಗೆ ಅವರೊಂದು ತಪ್ಪು ತೀರ್ಮಾನ ತೆಗೆದುಕೊಂಡರೆ ಅಧಿಕಾರ ಕಿತ್ತುಕೊಳ್ಳಬೇಡಿ. ಮೊದಲ ತಪ್ಪಿಗೇ ಕಿತ್ತುಕೊಂಡರೆ ಮುಂದೆ ಪ್ರತಿ ಸ್ಕ್ರೂವಿಗೂ ನಿಮ್ಮ ಬಾಗಿಲು ತಟ್ಟುತ್ತಾರೆ. ಇನ್ನೊಂದು ಮಾತು: ಸೂಪರ್‌ವೈಸರ್‌ ಅವರನ್ನು ದಾಟಿ ಹುಡುಗರಿಗೆ ನೀವೇ ಕೆಲಸ ಹೇಳಬೇಡಿ. ಒಂದೇ ಶೆಡ್ಡಿನಲ್ಲಿ ಇಬ್ಬರ ಆಜ್ಞೆ ನಡೆದರೆ ಇಬ್ಬರ ಮಾತಿಗೂ ಬೆಲೆ ಇರುವುದಿಲ್ಲ.

ನಿಮ್ಮ ತಲೆಯೊಳಗಿರುವ ಕೆಲಸದ ಕ್ರಮ ಗೋಡೆಗೆ ಬರಲಿ. ಯಂತ್ರ ಶುರು ಮಾಡುವ ಮೊದಲು ಏನು ನೋಡಬೇಕು, ಯಾವ ಅಳತೆ ತಪ್ಪಿದರೆ ಕೆಲಸ ನಿಲ್ಲಿಸಬೇಕು ಎಂಬುದನ್ನು ಫೋಟೊ ಸಮೇತ ಅಂಟಿಸಿ. ಒಡಿಶಾ, ಬಿಹಾರದ ಹುಡುಗರು ಕೆಲಸಕ್ಕಿದ್ದರೆ ಅವರ ಭಾಷೆಯಲ್ಲೂ ಬರೆಸಿ.

ಹೇಳಿದ ದಿನಕ್ಕೆ ಹೇಳಿದ್ದು ಆಗಬೇಕು

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಟಿ.ಎಂ.ಎ. ಪೈ ಮತ್ತು ಅವರ ಜೊತೆಗಾರರ ಈ ಯೋಜನೆ ನಿಂತದ್ದು ದಿನವೂ ತಪ್ಪದೆ ಬರುವ ಆ ಏಜೆಂಟರ ಮೇಲೆ. ನಾಲ್ಕು ದಿನ ಬಂದು ಎರಡು ದಿನ ಬಾರದಿದ್ದರೆ ಯಾರೂ ಹಣ ಕೊಡುತ್ತಿರಲಿಲ್ಲ. ಜನ ನಿಮ್ಮನ್ನು ನಂಬುವುದು ದೊಡ್ಡ ಭಾಷಣದಿಂದಲ್ಲ, ಹೇಳಿದ ದಿನಕ್ಕೆ ಹೇಳಿದ ಕೆಲಸ ಆಗುತ್ತದೆ ಎಂಬ ಅನುಭವದಿಂದ.

ಕೆಲಸಗಾರರ ಪಾಲಿಗೆ ಈ ಅನುಭವದ ಹೆಸರು ಸಂಬಳ. ಸಣ್ಣ ಘಟಕಗಳಲ್ಲಿ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕೆಂದು ಕಾನೂನು ಹೇಳುತ್ತದೆ. ಸಂಬಳದ ದಿನ ಗೊತ್ತಿಲ್ಲದ ಕೆಲಸಗಾರ ಬಾಡಿಗೆಗೂ ಮಕ್ಕಳ ಫೀಜಿಗೂ ಕೈಸಾಲ ಎತ್ತುತ್ತಾನೆ. ಐನೂರು ರೂಪಾಯಿ ಹೆಚ್ಚು ಕೊಡುವ ಪಕ್ಕದ ಶೆಡ್ಡಿಗೆ ಒಂದು ದಿನ ಹೇಳದೆ ಹೋಗುತ್ತಾನೆ. ನಿಜವಾಗಿಯೂ ಹಣ ತಡವಾಗುವ ತಿಂಗಳು ಬಂದರೆ ತಾರೀಖು ದಾಟುವ ಮೊದಲೇ ಎಲ್ಲರನ್ನೂ ಕರೆದು, ಎಷ್ಟು ಇಂದು, ಎಷ್ಟು ಯಾವತ್ತು ಎಂದು ಹೇಳಿ. ಮೊದಲು ಅವರದ್ದು, ಆಮೇಲೆ ನಿಮ್ಮದು.

ಓವರ್‌ಟೈಮ್‌ಗೆ ಕಾರ್ಖಾನೆಗಳಲ್ಲಿ ಎರಡು ಪಟ್ಟು ಕೂಲಿ ಕೊಡಬೇಕು. ಕೆಲಸಗಾರರ ಸಂಖ್ಯೆ 10 ಮುಟ್ಟಿದರೆ ಇಎಸ್‌ಐ, 20 ಮುಟ್ಟಿದರೆ ಭವಿಷ್ಯನಿಧಿ. ಸಂಬಳದಲ್ಲಿ ಹಿಡಿದುಕೊಂಡ ಅವರ ಪಾಲನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಅದು ನಿಮ್ಮ ಹಣವಲ್ಲ. ಅದನ್ನು ಮಾಲು ಖರೀದಿಗೆ ತಿರುಗಿಸುವುದು ಕಾನೂನಿಗೂ ವಿರುದ್ಧ, ನಂಬಿಕೆಗೂ ದ್ರೋಹ.

ಸರಬರಾಜುದಾರರಿಗೂ ಇದೇ ಮಾತು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉತ್ಪಾದಕರಿಂದ ಅಥವಾ ಸೇವೆ ಕೊಡುವವರಿಂದ ಪಡೆದದ್ದಕ್ಕೆ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ದಾಟುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆಗೂ ಇದನ್ನು ಜೋಡಿಸಲಾಯಿತು: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಪಾವತಿಸುವವರೆಗೆ ಖರ್ಚೆಂದು ತೋರಿಸಲಾಗದು. ಈ ಕಾನೂನು ನಿಮಗೂ ಆಸರೆ. ಉದ್ಯಮ್ ನೋಂದಣಿ ಉಚಿತ. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಮುದ್ರಿಸಿ. ದೊಡ್ಡ ಕಂಪನಿ ಹಣ ಸತಾಯಿಸಿದರೆ ಫೆಸಿಲಿಟೇಷನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ

‘ಲೆಕ್ಕವೆಲ್ಲ ಆಡಿಟರ್ ನೋಡಿಕೊಳ್ಳುತ್ತಾರೆ’ ಎನ್ನುವ ಯಜಮಾನರು ಕಷ್ಟಕ್ಕೆ ಬೇಗ ಸಿಕ್ಕಿಕೊಳ್ಳುತ್ತಾರೆ. ಆಡಿಟರ್ ಹೇಳುವುದು ಕಳೆದ ವರ್ಷದ ಕಥೆ. ಮುಂದಿನ ತಿಂಗಳ ಕಥೆಯನ್ನು ನೀವೇ ಓದಬೇಕು.

ಒಂದು ಲೆಕ್ಕ ಹಾಕೋಣ. 10 ಲಕ್ಷ ರೂಪಾಯಿಯ ಆರ್ಡರ್ ಬಂತು. ಕಚ್ಚಾಮಾಲಿಗೆ 6 ಲಕ್ಷ, ಕೂಲಿ ಮತ್ತು ಇತರೆ 2 ಲಕ್ಷ. ಲಾಭ 2 ಲಕ್ಷ. ಕಾಗದದ ಮೇಲೆ ಚೆನ್ನಾಗಿದೆ. ಜಿಎಸ್‌ಟಿ ಶೇ 18 ಎಂದುಕೊಳ್ಳಿ. ಮಾಲು ತರುವಾಗಲೇ 1 ಲಕ್ಷ 8 ಸಾವಿರ ತೆರಿಗೆ ಕೊಟ್ಟಿರುತ್ತೀರಿ. ನಿಮ್ಮ ಬಿಲ್ಲಿನ ತೆರಿಗೆ 1 ಲಕ್ಷ 80 ಸಾವಿರ. ಮೊದಲು ಕೊಟ್ಟದ್ದನ್ನು ಕಳೆದು ಉಳಿದ 72 ಸಾವಿರವನ್ನು, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಗಿರಾಕಿ ಹಣ ಕೊಟ್ಟಿರಲಿ ಬಿಡಲಿ. ಒಟ್ಟಿನಲ್ಲಿ 11 ಲಕ್ಷ 80 ಸಾವಿರ ಕೈಗೆ ಬರುವ ಮೊದಲೇ 9 ಲಕ್ಷ 80 ಸಾವಿರ ಕೈಬಿಟ್ಟು ಹೋಗಿರುತ್ತದೆ. ಗಿರಾಕಿ ತೊಂಬತ್ತು ದಿನ ಸತಾಯಿಸಿದರೆ ಆ ಮೂರು ತಿಂಗಳ ಸಂಬಳಕ್ಕೆ ಹಣ ಎಲ್ಲಿಂದ? ಆರ್ಡರು ತುಂಬಿ ತುಳುಕುತ್ತಿರುವಾಗಲೇ ಘಟಕಗಳು ಬಾಗಿಲು ಹಾಕುವುದು ಈ ಕಾರಣಕ್ಕೆ.

ಮದ್ದು ಸರಳ. ಪ್ರತಿ ಶನಿವಾರ ಒಂದು ಹಾಳೆಯಲ್ಲಿ ಮುಂದಿನ ಎಂಟು ವಾರಗಳಿಗೆ ಬರುವ ಹಣ, ಹೋಗುವ ಹಣ, ಉಳಿಕೆ ಬರೆಯಿರಿ. ಉಳಿಕೆ ಸೊನ್ನೆಗಿಂತ ಕೆಳಗಿಳಿಯುವ ವಾರ ಒಂದೂವರೆ ತಿಂಗಳು ಮೊದಲೇ ಕಂಡರೆ, ಗಿರಾಕಿಯ ಹತ್ತಿರ ಅಡ್ವಾನ್ಸ್ ಕೇಳಲು, ಬ್ಯಾಂಕಿನ ಹತ್ತಿರ ಮಾತಾಡಲು, ಖರೀದಿ ಮುಂದೂಡಲು ಸಮಯವಿರುತ್ತದೆ. ಎರಡನೆಯದಾಗಿ, ನೀವೂ ಸಂಬಳ ತೆಗೆದುಕೊಳ್ಳಿ. ಇಂತಿಷ್ಟು ಎಂದು ಗೊತ್ತು ಮಾಡಿ, ಮನೆಯ ಖರ್ಚು ಅದರಲ್ಲೇ ನಡೆಯಲಿ. ಗಲ್ಲಾಪೆಟ್ಟಿಗೆಗೆ ಕೈಹಾಕಿ ತರಕಾರಿ ತರುವ ಮನೆಯಲ್ಲಿ ವ್ಯಾಪಾರದ ನಿಜವಾದ ಲಾಭ ಯಾರಿಗೂ ತಿಳಿಯುವುದಿಲ್ಲ.

ಕೆಟ್ಟ ಸುದ್ದಿ ಮೊದಲು ನಿಮಗೆ ತಿಳಿಯಲಿ

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ತಯಾರಿಕೆ ಶುರುವಾಯಿತು. ಮದುಮಗನ ಕೈಗೆ ಎಚ್‌ಎಂಟಿ ಕಟ್ಟುವುದು ಮನೆಮನೆಯ ಪದ್ಧತಿಯಾಯಿತು. 1984ರಲ್ಲಿ ಹುಟ್ಟಿದ ಟೈಟನ್, ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲೇ ಕಾರ್ಖಾನೆ ಹಾಕಿ, ಕ್ವಾರ್ಟ್ಸ್ ವಾಚ್‌ಗಳನ್ನು ಚಂದದ ಮಳಿಗೆಗಳಲ್ಲಿಟ್ಟು ಮಾರಿತು. ಕೀಲಿ ಕೊಡುವ ವಾಚಿನ ಮೇಲೆಯೇ ಹೆಚ್ಚು ನೆಚ್ಚಿಕೊಂಡಿದ್ದ ಎಚ್‌ಎಂಟಿ ಹಿಂದೆ ಬಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಅಲ್ಲಿ ಕುಶಲ ಕೆಲಸಗಾರರಿದ್ದರು, ಜನರ ಪ್ರೀತಿಯೂ ಇತ್ತು. ಗಿರಾಕಿಯ ಮನಸ್ಸು ಬದಲಾದ ಸುದ್ದಿಗೆ ಸಂಸ್ಥೆ ಹೊತ್ತಿಗೆ ಸರಿಯಾಗಿ ಓಗೊಡಲಿಲ್ಲ.

ಸಣ್ಣ ಘಟಕದಲ್ಲಿ ಇಂಥ ಸುದ್ದಿ ಮೊದಲು ತಿಳಿಯುವುದು ಯಜಮಾನರಿಗಲ್ಲ. ಡೆಲಿವರಿ ಹುಡುಗನಿಗೆ, ಕೌಂಟರಿನಲ್ಲಿ ಕೂತವರಿಗೆ, ರಿಜೆಕ್ಟ್ ಆದ ಮಾಲು ವಾಪಸ್ ಹೊತ್ತು ತರುವವರಿಗೆ. ಅವರು ಬಾಯಿ ಬಿಡಬೇಕಾದರೆ ಭಯ ಇರಬಾರದು. ಸೋಮವಾರ ಬೆಳಿಗ್ಗೆ ಕಾಲು ಗಂಟೆ ಎಲ್ಲರೂ ಸೇರಿ ನಿಂತು ಮಾತಾಡಿ. ‘ಯಾರು ಹಾಳು ಮಾಡಿದರು?’ ಎಂದು ಕೇಳಬೇಡಿ. ‘ಹೋದ ವಾರ ಎಲ್ಲಿ ತೊಡಕಾಯಿತು?’ ಎಂದು ಕೇಳಿ. ತಪ್ಪನ್ನು ತಾನೇ ಬಂದು ಹೇಳಿದವರಿಗೆ ಎಲ್ಲರೆದುರು ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ಮುಚ್ಚಿಟ್ಟ ತಪ್ಪಿಗೆ ಮಾತ್ರ ಕಠಿಣವಾಗಿರಿ. ತಿಂಗಳಿಗೊಮ್ಮೆ, ನಿಮ್ಮ ಹತ್ತಿರ ಕೊಳ್ಳುವುದನ್ನು ನಿಲ್ಲಿಸಿದ ಗಿರಾಕಿಯೊಬ್ಬರನ್ನು ನೀವೇ ಭೇಟಿಯಾಗಿ. ಹೊಗಳುವ ಗಿರಾಕಿಯಿಂದ ಸಿಗದ ಪಾಠ ಅಲ್ಲಿ ಸಿಗುತ್ತದೆ.

ಹೇಳಿಕೊಳ್ಳಲಾಗದ ನೋವುಗಳೂ ಕೆಲಸದ ಜಾಗದಲ್ಲಿರುತ್ತವೆ. 10 ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಎಂಬ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಹೆಣ್ಣುಮಕ್ಕಳು ನಿರಾತಂಕವಾಗಿ ದುಡಿಯುವ ಜಾಗ ಮಾಡಿಕೊಡುವುದು ಯಜಮಾನರ ಮೊದಲ ಕರ್ತವ್ಯಗಳಲ್ಲೊಂದು.

‘ಆಗದು’ ಎನ್ನುವ ಧೈರ್ಯ

1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಶುಚಿಗೆ, ರುಚಿಗೆ ಹೆಸರುವಾಸಿ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳಿಗೆ ಸರ್ಕಾರ ಕಡಿಮೆ ದರ ನಿಗದಿ ಮಾಡಿದಾಗ ಎಂಟಿಆರ್ ಎದುರು ಎರಡೇ ದಾರಿ: ಗುಣಮಟ್ಟ ಇಳಿಸಬೇಕು, ಇಲ್ಲವೇ ನಷ್ಟ ಅನುಭವಿಸಬೇಕು. ಗುಣಮಟ್ಟ ಇಳಿಸಲು ಅವರು ಒಪ್ಪಲಿಲ್ಲ, ಹೋಟೆಲ್ ಮುಚ್ಚಿದರು. ಆದರೆ ಕೈಕಟ್ಟಿ ಕೂರದೆ ರವೆ ಇಡ್ಲಿಯಂಥ ತಿಂಡಿಗಳ ಮಿಕ್ಸ್, ಮಸಾಲೆ ಪುಡಿಗಳ ಕಡೆ ತಿರುಗಿದರು. ಆ ಪೊಟ್ಟಣಗಳ ವ್ಯವಹಾರವೇ ಬೆಳೆದು ಎಂಟಿಆರ್ ಫುಡ್ಸ್ ಆಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಅದನ್ನು ಕೊಂಡಿತು. ಹೋಟೆಲೂ ಮತ್ತೆ ತೆರೆಯಿತು, ಈಗಲೂ ನಡೆಯುತ್ತಿದೆ.

ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಇಂಥದ್ದೇ ಪ್ರಸಂಗ ಹೇಳಿದ್ದಾರೆ. 1995ರಲ್ಲಿ, ಕಂಪನಿಯ ವರಮಾನದ ಶೇ 25ರಷ್ಟನ್ನು ಕೊಡುತ್ತಿದ್ದ ವಿದೇಶಿ ಗಿರಾಕಿ ದರ ಇಳಿಸುವಂತೆ ಪಟ್ಟು ಹಿಡಿಯಿತು. ಆ ದರಕ್ಕೆ ಒಪ್ಪಿದರೆ ಒಳ್ಳೆಯ ಕೆಲಸ ಕೊಡಲಾಗದೆಂದು ಇನ್ಫೊಸಿಸ್ ಹಿಂದೆ ಸರಿಯಿತು. ಆಮೇಲೆ, ಒಬ್ಬನೇ ಗಿರಾಕಿಯ ಮೇಲೆ ಅತಿಯಾಗಿ ಅವಲಂಬಿಸದಂತೆ ವ್ಯವಸ್ಥೆ ಮಾಡಿಕೊಂಡಿತು.

ಪಾಠ ಇಷ್ಟು: ‘ಆಗದು’ ಎನ್ನಲು ಬಾಯಿಯ ಧೈರ್ಯ ಸಾಲದು, ಖಾತೆಯಲ್ಲಿ ಬಲವೂ ಇರಬೇಕು. ಮೂರು ತಿಂಗಳ ಸಂಬಳ, ಬಾಡಿಗೆ, ಕಂತಿಗೆ ಸಾಲುವಷ್ಟು ಹಣವನ್ನು ಮೆಲ್ಲಗೆ ಕೂಡಿಡಿ. ಅರ್ಧಕ್ಕರ್ಧ ವ್ಯಾಪಾರ ಒಬ್ಬರೇ ಗಿರಾಕಿಯದ್ದಾಗಿದ್ದರೆ, ಹೊಸ ಯಂತ್ರಕ್ಕಿಂತ ಮೊದಲು ಹೊಸ ಗಿರಾಕಿಯನ್ನು ಹುಡುಕಿ.

ನಿಮ್ಮನ್ನು ನೀವು ತಿದ್ದಿಕೊಳ್ಳುವುದು

ಇದುವರೆಗಿನದು ಕಲಿತರೆ ಬರುವ ವಿದ್ಯೆ. ಇದಕ್ಕಿಂತ ಕಷ್ಟದ್ದು ಸ್ವಭಾವದ ಪಾಠ.

ಮಾತಿನಿಂದ ಶುರು ಮಾಡಿ. ತಂದೆಯ ವಯಸ್ಸಿನ ಟರ್ನರ್‌ಗೆ ‘ಲೋ, ಬಾರೋ ಇಲ್ಲಿ’ ಎನ್ನುವ ಯಜಮಾನರು ಇಂದಿಗೂ ಇದ್ದಾರೆ. ಏಕವಚನ ಸಲಿಗೆಯಿಂದ ಬಂದರೆ ಬೇರೆ, ಅಧಿಕಾರದಿಂದ ಬಂದರೆ ಬೇರೆ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲರಿಗೂ ಬಹುವಚನ ಬಳಸಿ ನೋಡಿ; ಖರ್ಚು ಇಲ್ಲ, ಕೆಲಸದ ಜಾಗದ ಗಾಳಿಯೇ ಬದಲಾಗುತ್ತದೆ. ಹೊಗಳುವುದು ಎಲ್ಲರೆದುರು, ತಿದ್ದುವುದು ಒಬ್ಬರನ್ನೇ ಕೂರಿಸಿಕೊಂಡು. ಸಿಟ್ಟು ಬಂದ ದಿನ ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಯಾವ ಗಿರಾಕಿಗೂ ಉತ್ತರ ಬರೆಯಬೇಡಿ.

ನಂಟರ ವಿಷಯದಲ್ಲಿ ನೇರವಾಗಿರಿ. ಬಾಮೈದ ತಡವಾಗಿ ಬಂದರೆ ನಡೆಯುತ್ತದೆ, ಬೇರೆಯವರಿಗೆ ಅರ್ಧ ದಿನದ ಸಂಬಳ ಕಟ್ ಎಂದಾದರೆ ನಿಮ್ಮ ಯಾವ ನಿಯಮಕ್ಕೂ ಬೆಲೆ ಇರುವುದಿಲ್ಲ. ಮನೆಯವರಿಗೆ ಕೆಲಸ ಕೊಡಿ, ತಪ್ಪಲ್ಲ. ಹಾಜರಿ, ಸಂಬಳ, ಹೊಣೆ ಮಾತ್ರ ಎಲ್ಲರಂತೆಯೇ ಇರಲಿ. ಗೊತ್ತಿಲ್ಲದ್ದನ್ನು ಕೇಳಲು ಸಂಕೋಚ ಬೇಡ. ತಿಂಗಳಿಗೊಂದು ಗಂಟೆ ಆಡಿಟರ್ ಹತ್ತಿರ ಕೂತು ಲಾಭ–ನಷ್ಟದ ಪಟ್ಟಿಯನ್ನು ಸಾಲು ಸಾಲಾಗಿ ಹೇಳಿಸಿಕೊಳ್ಳಿ. ವಾರಕ್ಕೊಂದು ದಿನ ಪೂರ್ತಿ ರಜೆ ಮಾಡಿ. ದಣಿದ ತಲೆ ತೆಗೆದುಕೊಳ್ಳುವ ತೀರ್ಮಾನಗಳಿಗೆ ದಂಡ ಕಟ್ಟುವವರು ಎಲ್ಲರೂ.

ನಿಮ್ಮ ನಂತರ ಯಾರು?

ನಾರಾಯಣಮೂರ್ತಿಯವರು 1981ರಿಂದ 21 ವರ್ಷ ಇನ್ಫೊಸಿಸ್ ನಡೆಸಿ, 2002ರಲ್ಲಿ ನಂದನ್ ನಿಲೇಕಣಿಯವರಿಗೆ ಹೊಣೆ ಒಪ್ಪಿಸಿದರು. 2013ರಲ್ಲಿ ಸ್ವಲ್ಪ ಕಾಲ ಮತ್ತೆ ಬರಬೇಕಾಯಿತು. 2014ರಲ್ಲಿ ಮೊದಲ ಬಾರಿಗೆ ಸಂಸ್ಥಾಪಕರ ಹೊರಗಿನವರೊಬ್ಬರು ಮುಖ್ಯಸ್ಥರಾದರು. ಅಷ್ಟು ದೊಡ್ಡ ಸಂಸ್ಥೆಗೂ ಕೈ ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸವಾಗಿರಲಿಲ್ಲ. ಸಣ್ಣ ಘಟಕದವರು ಇನ್ನೂ ಬೇಗ ತಯಾರಾಗಬೇಕು, ಏಕೆಂದರೆ ಅಲ್ಲಿ ಎಲ್ಲವೂ ಒಬ್ಬರ ಹೆಸರಿನಲ್ಲೇ ಇರುತ್ತದೆ.

ಮುಖ್ಯವಾದ ಪ್ರತಿ ಕೆಲಸಕ್ಕೂ ಇಬ್ಬರು ತಯಾರಿರಲಿ. ಸಾಲ, ವಿಮೆ, ಪರವಾನಗಿ, ಬ್ಯಾಂಕ್ ಖಾತೆ, ಬಾಕಿ ಕೊಡಬೇಕಾದವರ ವಿವರ ಒಂದೇ ಕಡತದಲ್ಲಿರಲಿ. ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ. ಮಗನೋ ಮಗಳೋ ವ್ಯಾಪಾರಕ್ಕೆ ಬರುವುದಾದರೆ ಎರಡು ವರ್ಷ ಬೇರೆಯವರ ಕೈಕೆಳಗೆ ಸಂಬಳಕ್ಕೆ ದುಡಿದು ಬರಲಿ. ಬರಲು ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಹತ್ತು ವರ್ಷದಿಂದ ಜೊತೆಗಿರುವ ಸೂಪರ್‌ವೈಸರ್ ಕೂಡ ವಾರಸುದಾರರಾಗಬಲ್ಲರು.

ಮೊದಲ ಮೂರು ತಿಂಗಳ ಕೆಲಸ

• ಮೊದಲ ವಾರ: ನಿಮ್ಮ ತೀರ್ಮಾನಗಳನ್ನು ಬರೆದು ಮೂರು ಪಟ್ಟಿ ಮಾಡಿ.

• ಎರಡನೇ ವಾರ: ಒಂದು ಕೆಲಸವನ್ನು, ಹಣದ ಮಿತಿ ಸಮೇತ, ಒಬ್ಬರಿಗೆ ಒಪ್ಪಿಸಿ.

• ಮೊದಲ ತಿಂಗಳು: ಸಂಬಳದ ತಾರೀಖು ಗೊತ್ತು ಮಾಡಿ, ನಿಮ್ಮ ಸಂಬಳವನ್ನೂ ಸೇರಿಸಿ. ಎಂಟು ವಾರದ ಹಣದ ಹಾಳೆ ಶುರು ಮಾಡಿ. ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಸಿ.

• ಎರಡನೇ ತಿಂಗಳು: ಸೋಮವಾರದ ಕಾಲು ಗಂಟೆಯ ಮಾತುಕತೆ ರೂಢಿಯಾಗಲಿ. ದೂರವಾದ ಗಿರಾಕಿಯೊಬ್ಬರನ್ನು ಭೇಟಿಯಾಗಿ.

• ಮೂರನೇ ತಿಂಗಳು: ಎರಡು ದಿನ ಊರಿಗೆ ಹೋಗಿ, ಫೋನ್ ಮನೆಯವರ ಕೈಗೆ ಕೊಡಿ. ಬಂದ ಮೇಲೆ ಯಾವ ಕೆಲಸ ನಿಂತಿತ್ತೋ ಅದನ್ನೇ ಮುಂದಿನ ಪಾಠ ಮಾಡಿಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೂಡದು. ನಿಮ್ಮನ್ನು ನಂಬಿ ಹದಿನೈದು ಸಂಸಾರಗಳು ನಡೆಯುತ್ತಿವೆ ಎಂದರೆ, ಆ ಕೆಲಸ ನಿಮ್ಮೊಬ್ಬರ ಆರೋಗ್ಯದ ಮೇಲೆ, ನಿಮ್ಮೊಬ್ಬರ ನೆನಪಿನ ಮೇಲೆ ನಿಂತಿರಬಾರದು. ಈ ವಾರವೇ ಒಂದು ಕೆಲಸ ಆರಿಸಿ, ಅದಕ್ಕೆ ತಕ್ಕ ಒಬ್ಬರನ್ನು ಕರೆದು ಒಪ್ಪಿಸಿ. ಉಳಿದದ್ದನ್ನು ಅಲ್ಲಿಂದ ಕಟ್ಟುತ್ತ ಹೋಗಿ.